ಗುಂಡು ಒಳಹೊಕ್ಕ ಮೇಲೆ: ಶರ್ಮನ್ ಟ್ಯಾಂಕಿನ ಹಾನಿ ಮಾದರಿಯನ್ನು ಕಟ್ಟಿದ ಬಗೆ

ನಾನು ಗೊಡೊ ಎಂಜಿನ್ನಿನಲ್ಲಿ (ಕಂಪ್ಯೂಟರ್ ಆಟಗಳನ್ನು ಕಟ್ಟುವ ತಂತ್ರಾಂಶದಲ್ಲಿ) ಕಟ್ಟುತ್ತಿರುವ ಟ್ಯಾಂಕ್ ಕಾಳಗದ ಆಟವು 1944ರ ಬೇಸಿಗೆಯಿಂದ 1945ರ ವಸಂತದವರೆಗಿನ ಪಶ್ಚಿಮ ಯುರೋಪಿನಲ್ಲಿ ನಡೆಯುತ್ತದೆ. ಒಂದು ಕಡೆ ಅಮೆರಿಕದ ಶರ್ಮನ್, ಇನ್ನೊಂದು ಕಡೆ ಜರ್ಮನಿಯ ಪ್ಯಾಂಥರ್ ಮತ್ತು ಟೈಗರ್. ಆಟದ ಮೊದಲ ಆವೃತ್ತಿಯಲ್ಲಿ ಪ್ರತಿ ಟ್ಯಾಂಕಿಗೂ ಒಂದು ಅಂಕಿ ಇತ್ತು. ಗುಂಡು ತಗುಲಿದಾಗಲೆಲ್ಲ ಅದರಿಂದ ಒಂದಿಷ್ಟು ಕಳೆಯುತ್ತಿತ್ತು, ಸೊನ್ನೆ ಮುಟ್ಟಿದಾಗ ಟ್ಯಾಂಕ್ ಸಿಡಿಯುತ್ತಿತ್ತು. 2010ರಲ್ಲಿ ಬಿಡುಗಡೆಯಾದ ವರ್ಲ್ಡ್ ಆಫ್ ಟ್ಯಾಂಕ್ಸ್ ಎಂಬ ಆಟ ಕೂಡ ಕವಚದ ದಪ್ಪ ಮತ್ತು ಓರೆಯನ್ನು ಲೆಕ್ಕ ಹಾಕಿದ ಬಳಿಕ ಕೊನೆಗೆ ಇಂಥದೇ ಒಂದು ಅಂಕಿಯನ್ನು ಕಳೆಯುತ್ತದೆ. ತಾನು ಇನ್ನೆಷ್ಟು ಪೆಟ್ಟು ತಾಳಬಲ್ಲೆ ಎಂಬುದು ಆಟಗಾರನಿಗೆ ಸ್ಪಷ್ಟವಾಗಿ ತಿಳಿಯುವುದರಿಂದ ಆ ವಿಧಾನಕ್ಕೆ ಅದರದೇ ಆದ ನ್ಯಾಯವಿದೆ.

ಆದರೆ ನಿಜವಾದ ಟ್ಯಾಂಕಿನಲ್ಲಿ ಅಂಥ ಅಂಕಿ ಎಲ್ಲಿಯೂ ಇರುವುದಿಲ್ಲ. ಅಲ್ಲಿರುವುದು ಉಕ್ಕಿನ ಫಲಕಗಳು, ಅವುಗಳ ಹಿಂದೆ ಇಕ್ಕಟ್ಟಿನಲ್ಲಿ ಕುಳಿತ ಐದು ಮಂದಿ, ಅವರ ನಡುವೆ ಜೋಡಿಸಿಟ್ಟ ಮದ್ದುಗುಂಡು, ಇಂಧನ, ಎಂಜಿನ್ ಮತ್ತು ಗೇರ್ ಪೆಟ್ಟಿಗೆ. ಗುಂಡು ಯಾವ ದಾರಿಯಲ್ಲಿ ಒಳಹೊಕ್ಕು ಯಾವುದನ್ನು ಮುಟ್ಟಿತು ಎಂಬುದರ ಮೇಲೆ ಟ್ಯಾಂಕಿನ ಗತಿ ನಿರ್ಧಾರವಾಗುತ್ತದೆ. ಹಾಗಾಗಿ ಆ ಅಂಕಿಯನ್ನು ಪೂರ್ತಿಯಾಗಿ ಕಿತ್ತುಹಾಕಿ, ಗುಂಡಿನ ದಾರಿಯನ್ನೇ ಹಾನಿಯ ಏಕೈಕ ಆಧಾರವನ್ನಾಗಿ ಮಾಡಿಕೊಂಡು ಹೊಸ ಮಾದರಿಯನ್ನು ಕಟ್ಟಿದೆ. ಅದನ್ನು ಕಟ್ಟಿದ ಕ್ರಮವನ್ನೂ ನಡುವೆ ಎದುರಾದ ತೊಡಕುಗಳನ್ನೂ ಇಲ್ಲಿ ದಾಖಲಿಸಿದ್ದೇನೆ.

ಕವಚವನ್ನು ಅಳೆಯುವುದು

ಗೊಡೊ ಎಂಜಿನ್ನಿನ ಭೌತ ಲೆಕ್ಕವು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ನಡೆಯುತ್ತದೆ. ಟೈಗರ್ ಟ್ಯಾಂಕಿನ 88 ಮಿ.ಮೀ. ತೋಪಿನ ಗುಂಡು ನಳಿಗೆಯಿಂದ ಸೆಕೆಂಡಿಗೆ 773 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಂದರೆ ಎರಡು ಲೆಕ್ಕಗಳ ನಡುವೆ ಅದು ಸುಮಾರು 13 ಮೀಟರ್ ಸಾಗಿರುತ್ತದೆ. ಶರ್ಮನ್ನಿನ ಉದ್ದ ಆರು ಮೀಟರಿಗೂ ಕಡಿಮೆ. ಗುಂಡನ್ನು ಒಂದು ಚಲಿಸುವ ವಸ್ತುವೆಂದು ಬಿಟ್ಟರೆ ಅದು ಎಷ್ಟೋ ಸಲ ಟ್ಯಾಂಕನ್ನು ಮುಟ್ಟದೆಯೇ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಹಿಂದಿನ ಸ್ಥಾನದಿಂದ ಈಗಿನ ಸ್ಥಾನಕ್ಕೆ ಒಂದು ಕಿರಣವನ್ನು, ಅಂದರೆ ಕಾಲ್ಪನಿಕ ನೇರ ಗೆರೆಯನ್ನು, ಹಾಯಿಸಿ, ಆ ಕಿರಣವು ಏನನ್ನು ಮುಟ್ಟಿತು ಎಂದು ಕೇಳುವುದು ಅನಿವಾರ್ಯ. ಇದು ಹಲವು ಗುಂಡಿನ ಆಟಗಳಲ್ಲಿ ಇರುವ ಸಾಮಾನ್ಯ ಉಪಾಯ.

ಫಲಕದ ದಪ್ಪವನ್ನು ಹೇಗೆ ಇಡಬೇಕು ಎಂಬುದು ಅದಕ್ಕಿಂತ ಮುಖ್ಯವಾದ ನಿರ್ಧಾರವಾಗಿತ್ತು. ಹೊರಮೈಯನ್ನಷ್ಟೇ ಚಿತ್ರಿಸಿ, ಒಂದೊಂದು ಮುಖಕ್ಕೂ ದಪ್ಪವನ್ನು ಅಂಕಿಯಾಗಿ ಬರೆದಿಡುವುದು ಒಂದು ದಾರಿ. ಪ್ರತಿ ಫಲಕವನ್ನೂ ಅದರ ನಿಜವಾದ ದಪ್ಪದ ಘನವಾಗಿ ಕಟ್ಟಿ, ಕಿರಣವು ಒಳಹೊಕ್ಕ ಬಿಂದುವಿಗೂ ಹೊರಬಂದ ಬಿಂದುವಿಗೂ ಇರುವ ಅಂತರವನ್ನು ಅಳೆಯುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿಕೊಂಡೆ. ಗುಂಡು ಸಾಗುವ ನೇರದಲ್ಲಿ ಇರುವ ಉಕ್ಕಿನ ದಪ್ಪವು ಓರೆಯ ಪ್ರಭಾವವನ್ನೂ ಒಳಗೊಂಡು ತಾನಾಗಿಯೇ ಸಿಗುತ್ತದೆ, ಮತ್ತು ಫಲಕದ ಅಂಚಿಗೆ ತಗುಲಿದ ಗುಂಡು ಉದ್ದಕ್ಕೆ ಉಕ್ಕನ್ನು ಸೀಳಬೇಕಾಗುವಂಥ ಸಂದರ್ಭಗಳಿಗೆ ಬೇರೆ ನಿಯಮ ಬರೆಯಬೇಕಾಗುವುದಿಲ್ಲ. ಹೊರಬರುವ ಬಿಂದುವನ್ನು ಹಿಡಿಯಲು ಅದೇ ರೇಖೆಯಲ್ಲಿ ಆಚೆಯಿಂದ ಹಿಮ್ಮುಖವಾಗಿ ಇನ್ನೊಂದು ಕಿರಣವನ್ನು ಹಾಯಿಸಿದರೆ ಸಾಕು.

ಈ ವಿಧಾನಕ್ಕೆ ಒಂದು ತೊಡಕಿದೆ. ಎರಡು ಫಲಕಗಳು ಕೂಡುವ ಮೂಲೆಯಲ್ಲಿ ಘನಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಅಲ್ಲಿ ತಗುಲಿದ ಗುಂಡಿಗೆ ಅದೇ ಉಕ್ಕು ಎರಡು ಸಲ ಲೆಕ್ಕಕ್ಕೆ ಬಂದು, ಬೆಸುಗೆಯ ಮೂಲೆಗಳು ಟ್ಯಾಂಕಿನ ಅತ್ಯಂತ ಗಟ್ಟಿಯಾದ ಜಾಗಗಳಂತೆ ವರ್ತಿಸತೊಡಗುತ್ತವೆ. ಪರಿಹಾರವೆಂದರೆ ಕಿರಣದ ಉದ್ದಕ್ಕೂ ಪ್ರತಿ ಫಲಕದ ಆರಂಭ ಮತ್ತು ಅಂತ್ಯದ ದೂರಗಳನ್ನು ಪಟ್ಟಿ ಮಾಡಿ, ದೂರದ ಕ್ರಮದಲ್ಲಿ ಜೋಡಿಸಿ, ಒಂದರ ಮೇಲೊಂದು ಬಿದ್ದಿರುವ ಭಾಗಗಳನ್ನು ಒಂದೇ ತುಂಡಾಗಿ ಕೂಡಿಸುವುದು. ಹೀಗೆ ಕೂಡಿಸುವಾಗ ನಡುವೆ ನಿಜವಾದ ಗಾಳಿಯ ಅಂತರವಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಮುಂದೆ ಆ ಅಂತರಕ್ಕೆ ಬೆಲೆ ಬರುತ್ತದೆ.

ತೂರುವ ಶಕ್ತಿ ಮತ್ತು ಓರೆ

ಜರ್ಮನ್ ತೋಪುಗಳಿಗೆ ಯುದ್ಧಕಾಲದ ಕೋಷ್ಟಕಗಳು ದೊರೆಯುತ್ತವೆ. ಟೈಗರ್‌ನ ತೋಪು 100 ಮೀಟರ್ ದೂರದಲ್ಲಿ 120 ಮಿ.ಮೀ., 1000 ಮೀಟರ್‌ನಲ್ಲಿ 100 ಮಿ.ಮೀ., 2000 ಮೀಟರ್‌ನಲ್ಲಿ 84 ಮಿ.ಮೀ. ಕವಚವನ್ನು ತೂರುತ್ತದೆ ಎಂದು ಅವು ಹೇಳುತ್ತವೆ. ಈ ಅಂಕಿಗಳನ್ನು ಬಳಸುವವರು ಮರೆಯಬಾರದ ಸಂಗತಿಯೆಂದರೆ, ಇವು ನೇರವಾಗಿ ನಿಂತ ಫಲಕದ ಅಂಕಿಗಳಲ್ಲ. ಲಂಬದಿಂದ 30 ಡಿಗ್ರಿ ಓರೆಯಾಗಿಟ್ಟ ಫಲಕದ ಅಂಕಿಗಳು. ನೇರವಾಗಿ ನಿಂತ ಫಲಕಕ್ಕೆ ಲೆಕ್ಕ ಹಾಕಿದ ಕೋಷ್ಟಕಗಳ ಪಕ್ಕದಲ್ಲಿ ಇವನ್ನು ಹಾಗೆಯೇ ಇಟ್ಟರೆ ಜರ್ಮನ್ ತೋಪುಗಳು ಇದ್ದುದಕ್ಕಿಂತ ದುರ್ಬಲವಾಗಿ ಕಾಣುತ್ತವೆ.

ಕೋಷ್ಟಕ ಇಲ್ಲದ ಕಡೆ ಡಿ ಮಾರ್ ಸೂತ್ರವನ್ನು ಬಳಸುವುದು ವಾಡಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಡಗುಗಳ ಕವಚಕ್ಕಾಗಿ ರೂಪುಗೊಂಡ ಆ ಸೂತ್ರದ ಪ್ರಕಾರ, ತೂರಬಲ್ಲ ದಪ್ಪವು ವೇಗದ 1.43ನೆಯ ಘಾತದ ಅನುಪಾತದಲ್ಲಿಯೂ ತೂಕದ 0.71ನೆಯ ಘಾತದ ಅನುಪಾತದಲ್ಲಿಯೂ ಹೆಚ್ಚುತ್ತದೆ, ಗುಂಡಿನ ವ್ಯಾಸ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಅದನ್ನು ನಂಬುವ ಮೊದಲು ಪರೀಕ್ಷಿಸಿದೆ. ಟೈಗರ್‌ನ ತೋಪೂ ಅನಂತರ ಬಂದ ಕಿಂಗ್ ಟೈಗರ್‌ನ ಉದ್ದ ನಳಿಗೆಯ ತೋಪೂ ಒಂದೇ ವ್ಯಾಸದ, ಸರಿಸುಮಾರು ಒಂದೇ ತೂಕದ, ಅಂದರೆ 10 ಕಿಲೊಗ್ರಾಂಗೆ ತುಸು ಮೇಲ್ಪಟ್ಟ ಗುಂಡನ್ನು ಹಾರಿಸುತ್ತವೆ. ಮೊದಲನೆಯದರ ವೇಗ 773 ಮೀಟರ್, ಎರಡನೆಯದರದು 1000 ಮೀಟರ್. ಸೂತ್ರದ ಪ್ರಕಾರ 120 ಮಿ.ಮೀ. ಇದ್ದದ್ದು ಸುಮಾರು 173 ಮಿ.ಮೀ. ಆಗಬೇಕು. ಕೋಷ್ಟಕ ಹೇಳುವುದು 200 ಮಿ.ಮೀ.ಗೂ ಮೇಲೆ. ಗುಂಡಿನ ಒಳರಚನೆ ಮತ್ತು ಉಕ್ಕಿನ ಗುಣಮಟ್ಟ ಸೂತ್ರದೊಳಗೆ ಇಲ್ಲದಿರುವಾಗ ಇಷ್ಟು ವ್ಯತ್ಯಾಸ ಬರುವುದು ಆಶ್ಚರ್ಯವೇನಲ್ಲ. ಹಾಗಾಗಿ ಒಂದು ತೋಪಿನಿಂದ ಇನ್ನೊಂದು ತೋಪನ್ನು ಊಹಿಸಲು ಸೂತ್ರವನ್ನು ಬಳಸುವುದನ್ನು ಬಿಟ್ಟು, ಒಂದೇ ಗುಂಡು ದೂರ ಸಾಗಿದಂತೆ ವೇಗ ಕಳೆದುಕೊಂಡಾಗ ಅದರ ಶಕ್ತಿ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಮಾತ್ರ ಇಟ್ಟುಕೊಂಡೆ. ತಿರುಗಿಸಿ ನೋಡಿದರೆ ಅದು ಇನ್ನೊಂದು ಉಪಕಾರವನ್ನೂ ಮಾಡುತ್ತದೆ: 120ರಿಂದ 84ಕ್ಕೆ ಇಳಿಯಬೇಕಾದರೆ 2000 ಮೀಟರ್‌ನಲ್ಲಿ ಗುಂಡಿನ ವೇಗವು 100 ಮೀಟರ್‌ನಲ್ಲಿದ್ದ ವೇಗದ ಸುಮಾರು 78 ಪ್ರತಿಶತ ಇರಬೇಕು, ಮತ್ತು ಗಾಳಿಯ ತಡೆಯ ಅಂಕಿಯನ್ನು ನಾನು ಅದಕ್ಕೆ ಹೊಂದಿಸಿದೆ.

ಓರೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಪ್ಯಾಂಥರ್‌ನ ಮುಂಭಾಗದ ಫಲಕ 80 ಮಿ.ಮೀ. ದಪ್ಪವಿದ್ದು ಲಂಬದಿಂದ 55 ಡಿಗ್ರಿ ಓರೆಯಾಗಿದೆ. ಬರಿಯ ಜ್ಯಾಮಿತಿಯ ಪ್ರಕಾರ ಅಡ್ಡವಾಗಿ ಬರುವ ಗುಂಡು 139 ಮಿ.ಮೀ. ಉಕ್ಕನ್ನು ದಾಟಬೇಕು. ಆದರೆ ಗಟ್ಟಿ ಉಕ್ಕಿನ ಗುಂಡು ಓರೆಯಾದ ಮೈಗೆ ಬಡಿದಾಗ ತಿರುಚಿಕೊಳ್ಳುತ್ತದೆ, ಮೂತಿ ಮುರಿದುಕೊಳ್ಳುತ್ತದೆ, ಜಾರಲು ಹವಣಿಸುತ್ತದೆ. ಆದ್ದರಿಂದ ನಿಜವಾದ ತಡೆಯು ಜ್ಯಾಮಿತಿಯ ಅಂಕಿಗಿಂತ ಹೆಚ್ಚು. ಮತ್ತೊಂದು ಕಡೆ, ಫಲಕಕ್ಕಿಂತ ಗುಂಡಿನ ವ್ಯಾಸ ಬಹಳ ದೊಡ್ಡದಾಗಿದ್ದರೆ ಓರೆಯ ಲಾಭ ಕುಗ್ಗುತ್ತದೆ. ಸೋವಿಯತ್ ಟಿ-34ರ 45 ಮಿ.ಮೀ. ಫಲಕ 60 ಡಿಗ್ರಿ ಓರೆಯಾಗಿದ್ದರೂ 88 ಮಿ.ಮೀ. ಗುಂಡಿನ ಎದುರು ಅದು ಹೆಚ್ಚು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಈ ಎರಡನ್ನೂ ಹಿಡಿಯಲು ಜ್ಯಾಮಿತಿಯ ಗುಣಕಕ್ಕೆ, ಅಂದರೆ ಓರೆಯಿಂದ ದಪ್ಪ ಎಷ್ಟು ಪಟ್ಟಾಗುತ್ತದೆ ಎಂಬ ಅಂಕಿಗೆ, ಒಂದು ಘಾತವನ್ನು ಕೊಟ್ಟೆ: ಫಲಕದ ದಪ್ಪವು ಗುಂಡಿನ ವ್ಯಾಸದಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ 1.4, ಅರ್ಧದಷ್ಟಿದ್ದರೆ 1.1, ನಡುವೆ ಸಮವಾಗಿ ಏರಿಕೆ. ಪ್ಯಾಂಥರ್‌ನ ಮುಂಭಾಗ ಈಗ 75 ಮಿ.ಮೀ. ಗುಂಡಿಗೆ ಸುಮಾರು 174 ಮಿ.ಮೀ.ಯಂತೆ ವರ್ತಿಸುತ್ತದೆ. ಸೆಕೆಂಡಿಗೆ 618 ಮೀಟರ್ ವೇಗದ ಶರ್ಮನ್ ತೋಪು ಅದನ್ನು ಯಾವ ದೂರದಿಂದಲೂ ತೂರಲಾರದು, ಇತಿಹಾಸದಲ್ಲಿಯೂ ತೂರಲಿಲ್ಲ. ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಬಜೂಕದಂಥ ಆಯುಧಗಳಲ್ಲಿ ಸ್ಫೋಟದಿಂದ ಹೊಮ್ಮುವ ತಾಮ್ರದ ಧಾರೆ ಹೀಗೆ ತಿರುಚಿಕೊಳ್ಳುವುದಿಲ್ಲವಾದ್ದರಿಂದ ಅವಕ್ಕೆ ಘಾತ 1 ಮಾತ್ರ.

ಒಂದೇ ಕಾರ್ಖಾನೆಯ ಎರಡು ಫಲಕಗಳೂ ಎರಡು ಗುಂಡುಗಳೂ ಪೂರ್ತಿ ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ತೂರುವ ಶಕ್ತಿಗೆ ಗಾಸ್ ವಿತರಣೆಯ, ಅಂದರೆ ಹೆಚ್ಚಾಗಿ ಸರಾಸರಿಯ ಹತ್ತಿರವೇ ಬೀಳುವ, ಒಂದು ಸಣ್ಣ ಏರಿಳಿತವನ್ನು ಸೇರಿಸಿದ್ದೇನೆ. ಅದರ ಪ್ರಮಾಣ 4 ಪ್ರತಿಶತ. ಇದನ್ನು ಇನ್ನೂ ಹಿಗ್ಗಿಸಿದರೆ ಆಟಗಾರನ ಲೆಕ್ಕಾಚಾರಕ್ಕೆ ಬೆಲೆ ಇಲ್ಲದಂತಾಗುತ್ತದೆ.

ಜಾರಿದ ಗುಂಡು

ತೂರಲಾಗದ ಗುಂಡನ್ನು ಅಲ್ಲಿಗೇ ಅಳಿಸಿಹಾಕದೆ, ಕೋನ ಸಾಕಷ್ಟು ಓರೆಯಾಗಿದ್ದರೆ ಅದು ಉಳಿದ ವೇಗದೊಂದಿಗೆ ಹೊಸ ದಿಕ್ಕಿನಲ್ಲಿ ಮುಂದುವರಿಯುವಂತೆ ಮಾಡಿದ್ದು ಈ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಭಾಗ. ಜಾರಿದ ಗುಂಡು ಕನ್ನಡಿಯಲ್ಲಿ ಬೆಳಕು ಮರಳಿದಂತೆ ಅದೇ ಕೋನದಲ್ಲಿ ಮರಳುವುದಿಲ್ಲ. ಫಲಕದ ಮೈಗೆ ಇನ್ನಷ್ಟು ಹತ್ತಿರವಾಗಿ ಸಾಗುತ್ತದೆ. ಹಾಗಾಗಿ ಲಂಬ ದಿಕ್ಕಿನ ವೇಗವನ್ನು ಬಹುಪಾಲು ಕಳೆದು, ಮೈಗೆ ಸಮಾನಾಂತರವಾದ ವೇಗವನ್ನು ಹೆಚ್ಚಾಗಿ ಉಳಿಸಿದೆ.

ಪ್ಯಾಂಥರ್‌ನ ಟರೆಟ್ಟಿನ (ತೋಪನ್ನು ಹೊತ್ತು ತಿರುಗುವ ಮೇಲ್ಭಾಗದ) ಮುಂದೆ ತೋಪಿನ ಬುಡವನ್ನು ಕಾಯುವ ಮ್ಯಾಂಟ್ಲೆಟ್ ಎಂಬ ಗುರಾಣಿ ಇದೆ. ಅದು 100 ಮಿ.ಮೀ. ದಪ್ಪದ, ಉರುಳೆಯಂತೆ ಬಾಗಿದ ಎರಕ. ಅದರ ಕೆಳ ಅರ್ಧಕ್ಕೆ ಬಡಿದ ಗುಂಡು ಕೆಳಮುಖವಾಗಿ ಜಾರಿ, ಚಾಲಕ ಮತ್ತು ರೇಡಿಯೊ ನಿರ್ವಾಹಕನ ತಲೆಯ ಮೇಲಿರುವ ಒಡಲಿನ ತೆಳುವಾದ ಚಾವಣಿಗೆ ಬೀಳುತ್ತದೆ. ಮಿತ್ರ ಪಡೆಗಳ ಗನ್ನರ್‌ಗಳಿಗೆ ಇದು ಗೊತ್ತಿತ್ತು, ಜರ್ಮನ್ ವಿನ್ಯಾಸಕರಿಗೂ ತಿಳಿಯಿತು. 1944ರ ಸೆಪ್ಟೆಂಬರ್‌ನಿಂದ ತಯಾರಾದ ಪ್ಯಾಂಥರ್‌ಗಳಲ್ಲಿ ಮ್ಯಾಂಟ್ಲೆಟ್ಟಿನ ಕೆಳಗೆ ಗದ್ದದಂತೆ ಚಾಚಿದ ಹೊಸ ಆಕಾರ ಕಾಣಿಸಿಕೊಂಡಿತು. ನನ್ನ ಕೋಡಿನಲ್ಲಿ ಪ್ಯಾಂಥರ್‌ಗೆಂದು ಒಂದು ಸಾಲನ್ನೂ ಬರೆದಿಲ್ಲ. ಬಾಗಿದ ಆಕಾರವನ್ನು ಸರಿಯಾಗಿ ಕಟ್ಟಿ, ಜಾರುವ ನಿಯಮವನ್ನು ಸರಿಯಾಗಿ ಬರೆದಾಗ ಗುಂಡು ತಾನಾಗಿಯೇ ಚಾವಣಿಗೆ ಬಿದ್ದಿತು. ಗದ್ದವಿರುವ ಮ್ಯಾಂಟ್ಲೆಟ್ಟನ್ನು ಹಾಕಿದಾಗ ಬೀಳುವುದು ಬಹುಮಟ್ಟಿಗೆ ನಿಂತಿತು. ಒಂದು ಹಾನಿ ಮಾದರಿ ಸರಿಯಾದ ದಾರಿಯಲ್ಲಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ.

ಒಳಗೆ ನಡೆಯುವುದು

ಫಲಕವನ್ನು ತೂರಿದ ಗುಂಡಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು ಶಕ್ತಿಯ ಸರಳ ಕಳೆಯುವಿಕೆಯಿಂದ ತೆಗೆಯುತ್ತೇನೆ. ಆ ಫಲಕವನ್ನು ತೂರಲು ಕನಿಷ್ಠ ಬೇಕಾದ ವೇಗದ ವರ್ಗವನ್ನು ಗುಂಡಿನ ವೇಗದ ವರ್ಗದಿಂದ ಕಳೆದರೆ, ಉಳಿದುದರ ವರ್ಗಮೂಲವೇ ಮುಂದಿನ ವೇಗ. ಮುಂಭಾಗ 63.5 ಮಿ.ಮೀ. ದಪ್ಪ ಮತ್ತು 47 ಡಿಗ್ರಿ ಓರೆ ಇರುವ ನಂತರದ ಶರ್ಮನ್ನನ್ನು ಟೈಗರ್ 100 ಮೀಟರ್‌ನಿಂದ ಹೊಡೆದರೆ ಈ ಲೆಕ್ಕದಲ್ಲಿ ಗುಂಡು ವೇಗದ ಸುಮಾರು 63 ಪ್ರತಿಶತವನ್ನು ಉಳಿಸಿಕೊಂಡು ಒಳಬರುತ್ತದೆ. 1000 ಮೀಟರ್‌ನಿಂದ 38 ಮಿ.ಮೀ.ಯ ಪಕ್ಕದ ಫಲಕಕ್ಕೆ ನೇರವಾಗಿ ಹೊಡೆದರೆ 90 ಪ್ರತಿಶತ ಉಳಿಯುತ್ತದೆ. ಅಂಥ ಗುಂಡು ಏನನ್ನೂ ಮುಟ್ಟದಿದ್ದರೆ ಇನ್ನೊಂದು ಬದಿಯಿಂದ ಹೊರಗೆ ಹೋಗುತ್ತದೆ, ಮತ್ತು ಆಟದಲ್ಲಿಯೂ ಹಾಗೆಯೇ ಹೋಗಬೇಕು.

ಎರಡು ಫಲಕಗಳ ನಡುವಿನ ಅಂತರವನ್ನು ಉಳಿಸಿಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂದಿತು. ಮೊದಮೊದಲ ಶರ್ಮನ್‌ಗಳಲ್ಲಿ ಮದ್ದುಗುಂಡಿನ ಗೂಡುಗಳ ಹೊರಗೆ ಸುಮಾರು 25 ಮಿ.ಮೀ. ದಪ್ಪದ ಹೆಚ್ಚುವರಿ ಫಲಕಗಳನ್ನು ಬೆಸೆದಿದ್ದರು. 38 ಮತ್ತು 25 ಸೇರಿಸಿ 63 ಮಿ.ಮೀ.ಯ ಒಂದೇ ಫಲಕವೆಂದು ಎಣಿಸಿದರೆ ಮೇಲಿನ ಗುಂಡಿನಲ್ಲಿ 78 ಪ್ರತಿಶತ ವೇಗ ಉಳಿಯುತ್ತದೆ. ಎರಡು ಬೇರೆ ಫಲಕಗಳೆಂದು ಒಂದಾದ ಮೇಲೊಂದನ್ನು ಎಣಿಸಿದರೆ 83 ಪ್ರತಿಶತ. ಪದರವಾಗಿ ಸೇರಿಸಿದ ಕವಚವು ಅಷ್ಟೇ ದಪ್ಪದ ಒಂದೇ ಫಲಕಕ್ಕಿಂತ ದುರ್ಬಲ ಎಂಬ ತಿಳಿದ ಸಂಗತಿ ಮಾದರಿಯೊಳಗಿನಿಂದಲೇ ಹೊರಬಂದಿತು.

ಆದರೆ ಗುಂಡಿನ ನೇರ ದಾರಿಯಷ್ಟೇ ಹಾನಿಯಲ್ಲ. ಫಲಕ ಒಡೆದಾಗ ಅದರ ಒಳಮೈಯಿಂದ ಉಕ್ಕಿನ ಚೂರುಗಳು ಶಂಕುವಿನಾಕಾರದಲ್ಲಿ ಸಿಡಿಯುತ್ತವೆ, ಮತ್ತು ಸಿಬ್ಬಂದಿಗೆ ಬಹಳಷ್ಟು ಗಾಯಗಳಾಗುವುದು ಅವುಗಳಿಂದ. ಪ್ರತಿ ತೂರುವಿಕೆಗೂ ಹತ್ತಾರು ಕಿರಣಗಳನ್ನು ಆ ಶಂಕುವಿನೊಳಗೆ ಹಾಯಿಸಿ, ಒಂದೊಂದಕ್ಕೂ ಒಂದು ಸಣ್ಣ ತೂರುವ ಶಕ್ತಿಯನ್ನು ಕೊಟ್ಟಿದ್ದೇನೆ. ತೂರಿದ ಬಳಿಕ ಹೆಚ್ಚು ಶಕ್ತಿ ಉಳಿದಷ್ಟೂ ಚೂರುಗಳ ಸಂಖ್ಯೆ ಹೆಚ್ಚು. ಟಿ-34ರಂಥ ಅತಿ ಗಡಸು ಉಕ್ಕಿನ ಕವಚದಲ್ಲಿ ಫಲಕ ತೂತಾಗದಿದ್ದರೂ ಒಳಮೈ ಸಿಡಿಯುವ ಸಂಭವವಿದೆ. ಗುಂಡಿನ ಬಗೆಯೂ ಮುಖ್ಯ. ಜರ್ಮನ್ ಗುಂಡಿನ ಹಿಂಭಾಗದಲ್ಲಿ ಸ್ವಲ್ಪ ಸ್ಫೋಟಕವೂ ಕೊಂಚ ತಡವಾಗಿ ಸಿಡಿಸುವ ಕೀಲಿಯೂ ಇರುತ್ತವೆ. ಅದು ಒಳಗೆ ಬಂದು ಎಲ್ಲ ದಿಕ್ಕಿಗೂ ಸಿಡಿಯುತ್ತದೆ. ಬ್ರಿಟಿಷರು ಬಳಸುತ್ತಿದ್ದುದು ಸ್ಫೋಟಕವಿಲ್ಲದ ಗಟ್ಟಿ ಗುಂಡು. ಅದರ ಹಾನಿ ಒಂದೇ ಗೆರೆಯ ಮೇಲೆ, ಒಂದು ಕಿರಿದಾದ ಶಂಕುವಿನೊಳಗೆ. ಹಾಗಾಗಿ ಬ್ರಿಟಿಷ್ ತೋಪಿನ ಹಿಂದೆ ಕುಳಿತ ಆಟಗಾರ ಒಳಗಿನ ವಿನ್ಯಾಸವನ್ನು ಇನ್ನಷ್ಟು ಚೆನ್ನಾಗಿ ತಿಳಿದಿರಬೇಕಾಗುತ್ತದೆ.

ಮದ್ದುಗುಂಡು

ಶರ್ಮನ್ನಿನ ಇಡೀ ಕಥೆ ಅದರ ಮದ್ದುಗುಂಡಿನ ಸ್ಥಳದಲ್ಲಿದೆ. ಆದ್ದರಿಂದ ಮಾದರಿಯ ಈ ಭಾಗಕ್ಕೆ ಬೇರೆಲ್ಲ ಭಾಗಗಳಿಗಿಂತ ಹೆಚ್ಚು ಸಮಯ ಕೊಟ್ಟೆ. 1942 ಮತ್ತು 1943ರಲ್ಲಿ ತಯಾರಾದ ಎಂ4ನಲ್ಲಿ (ಶರ್ಮನ್ನಿನ ಅಧಿಕೃತ ಹೆಸರು) 75 ಮಿ.ಮೀ. ತೋಪಿನ 97 ಗುಂಡುಗಳಿದ್ದವು, ಮತ್ತು ಅವುಗಳಲ್ಲಿ ಬಹಳಷ್ಟು ಸ್ಪಾನ್ಸನ್‌ಗಳಲ್ಲಿ, ಅಂದರೆ ಚೈನಿನ ಮೇಲಕ್ಕೆ ಚಾಚಿಕೊಂಡಿರುವ ಪಕ್ಕದ ಗೂಡುಗಳಲ್ಲಿ, 38 ಮಿ.ಮೀ. ಉಕ್ಕಿನ ಹಿಂದೆಯೇ ಇದ್ದವು. ಟರೆಟ್ಟಿನ ಎತ್ತರಕ್ಕೆ ಗುರಿಯಿಟ್ಟು ತುಸು ಕೆಳಗೆ ಬಿದ್ದ ಪ್ರತಿ ಗುಂಡೂ ಅಲ್ಲಿಗೇ ಬರುತ್ತಿತ್ತು. 1944ರಲ್ಲಿ ಬಂದ ಹೊಸ ವಿನ್ಯಾಸದಲ್ಲಿ, ಹೆಸರಿನ ಕೊನೆಗೆ ಡಬ್ಲ್ಯೂ ಅಕ್ಷರ ಸೇರಿಸಿದ ಮಾದರಿಗಳಲ್ಲಿ, ಗುಂಡುಗಳನ್ನು ಒಡಲಿನ ನೆಲಕ್ಕೆ ಇಳಿಸಿ, ಸುತ್ತಲೂ ನೀರು ಮತ್ತು ಹೆಪ್ಪುಗಟ್ಟದಂತೆ ತಡೆಯುವ ದ್ರವದ ಮಿಶ್ರಣ ತುಂಬಿದ ಪೆಟ್ಟಿಗೆಗಳಲ್ಲಿ ಇಟ್ಟರು. ಗುಂಡಿನ ಸಂಖ್ಯೆ ಕಡಿಮೆಯಾಗಲಿಲ್ಲ, 75 ಮಿ.ಮೀ. ತೋಪಿನ ಎಂ4ಎ3 ಡಬ್ಲ್ಯೂ ಟ್ಯಾಂಕಿನಲ್ಲಿ 104 ಗುಂಡುಗಳಿದ್ದವು. ಅಮೆರಿಕದ ಸೇನೆ 1945ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ತೂರಿಸಿಕೊಂಡ ಹಳೆಯ ವಿನ್ಯಾಸದ ಶರ್ಮನ್‌ಗಳಲ್ಲಿ 60ರಿಂದ 80 ಪ್ರತಿಶತ ಹೊತ್ತಿ ಉರಿದರೆ, ಹೊಸ ವಿನ್ಯಾಸದವುಗಳಲ್ಲಿ 10ರಿಂದ 15 ಪ್ರತಿಶತ ಮಾತ್ರ ಉರಿದವು.

ಪೆಟ್ರೋಲ್ ಎಂಜಿನ್ನಿನಿಂದಾಗಿ ಶರ್ಮನ್ ಬೇಗ ಹೊತ್ತಿಕೊಳ್ಳುತ್ತಿತ್ತು ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಪ್ಯಾಂಥರ್ ಮತ್ತು ಟೈಗರ್ ಕೂಡ ಪೆಟ್ರೋಲಿನಲ್ಲಿಯೇ ಓಡುತ್ತಿದ್ದವು. ಮೇಲಿನ ಎರಡು ವಿನ್ಯಾಸಗಳ ನಡುವೆ ಇಂಧನ ಬದಲಾಗಲಿಲ್ಲ. ಬದಲಾದದ್ದು ಗುಂಡುಗಳ ಜಾಗ. ಆಟದಲ್ಲಿ ಇಂಧನದ ಟ್ಯಾಂಕಿಗೆ ತಗುಲಿದರೆ ನಿಧಾನವಾದ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ, ಎಂಜಿನ್ ಕೋಣೆಯ ಅಗ್ನಿಶಾಮಕದಿಂದ ಅದನ್ನು ಆರಿಸಲೂ ಬರುತ್ತದೆ. ಮದ್ದಿನ ಬೆಂಕಿಯನ್ನು ಆರಿಸಲು ಬರುವುದಿಲ್ಲ.

ಈ ಅಧ್ಯಯನದ ಅಂಕಿಗಳೇ ನನ್ನ ಮಾದರಿಯ ಪರೀಕ್ಷೆಗೆ ಅಳತೆಗೋಲಾದವು. ಹಳೆಯ ಮತ್ತು ಹೊಸ ಎರಡೂ ಶರ್ಮನ್‌ಗಳನ್ನು ಕಟ್ಟಿ, ಮುಂಭಾಗದಿಂದಲೂ ಪಕ್ಕಗಳಿಂದಲೂ ಬೇರೆಬೇರೆ ಎತ್ತರಕ್ಕೆ ಬರುವ ಗುಂಡುಗಳ ದೊಡ್ಡ ಸಮೂಹವನ್ನು ತೆರೆಯ ಹಿಂದೆಯೇ ಹಾರಿಸಿ, ತೂರಿದವುಗಳಲ್ಲಿ ಎಷ್ಟು ಬೆಂಕಿಗೆ ಕಾರಣವಾದವು ಎಂದು ಎಣಿಸಿದೆ. ಬಿಸಿ ಚೂರೊಂದು ಮದ್ದಿನ ಪೆಟ್ಟಿಗೆಗೆ ತಗುಲಿದಾಗ ಹೊತ್ತಿಕೊಳ್ಳುವ ಸಂಭವನೀಯತೆಯನ್ನು ಹಳೆಯ ಶರ್ಮನ್ನಿನ ಫಲಿತಾಂಶವು ಅಧ್ಯಯನದ ಮಿತಿಯೊಳಗೆ ಬರುವಂತೆ ಹೊಂದಿಸಿದೆ. ಅನಂತರ ಆ ಅಂಕಿಯನ್ನು ಮುಟ್ಟದೆಯೇ ಹೊಸ ಶರ್ಮನ್ನನ್ನು ಪರೀಕ್ಷೆಗೆ ಒಡ್ಡಿದೆ. ಮೊದಲ ಸುತ್ತಿನಲ್ಲಿ ಬೇಕೆಂದೇ ನೀರಿನ ಪರಿಣಾಮವನ್ನು ಪೂರ್ತಿಯಾಗಿ ತೆಗೆದುಹಾಕಿದ್ದೆ. ಆದರೂ ಬೆಂಕಿಯ ಪ್ರಮಾಣ ಬಹಳ ಇಳಿಯಿತು. ನೀರನ್ನು ಮರಳಿ ಸೇರಿಸಿದಾಗ ಇನ್ನೊಂದಿಷ್ಟು ಮಾತ್ರ ಇಳಿಯಿತು. ನೀರಿಗಿಂತ ಜಾಗದ ಬದಲಾವಣೆಯೇ ಹೆಚ್ಚು ಪ್ರಾಣಗಳನ್ನು ಉಳಿಸಿತು ಎಂದು ಈ ಟ್ಯಾಂಕಿನ ಇತಿಹಾಸ ಬರೆದವರಲ್ಲಿ ಹಲವರು ಹೇಳುವುದು ಇದಕ್ಕೆ ಹೊಂದುತ್ತದೆ. ಅದೇ ನಿಯಮವನ್ನು ಪ್ಯಾಂಥರ್‌ಗೂ ಅನ್ವಯಿಸಿದಾಗ, ಮುಂಭಾಗದಿಂದ ಅಷ್ಟು ಬಲಿಷ್ಠವಾದ ಆ ಟ್ಯಾಂಕ್ ಪಕ್ಕದಿಂದ ಬೇಗನೆ ಹೊತ್ತಿಕೊಂಡಿತು. ಏಕೆಂದರೆ ಅದು ಕೂಡ ತನ್ನ ಗುಂಡುಗಳ ದೊಡ್ಡ ಪಾಲನ್ನು ಪಕ್ಕದ ಗೂಡುಗಳಲ್ಲಿಯೇ ಇಟ್ಟುಕೊಂಡಿತ್ತು, ಮತ್ತು ಅಲ್ಲಿನ ಕವಚ ಮೊದಲ ಮಾದರಿಗಳಲ್ಲಿ 40 ಮಿ.ಮೀ., ಕೊನೆಯ ಮಾದರಿಯಲ್ಲಿ 50 ಮಿ.ಮೀ. ಮಾತ್ರ.

ಮದ್ದು ಹೊತ್ತಿಕೊಂಡ ಕೂಡಲೇ ಟರೆಟ್ ಹಾರಿಹೋಗುವ ದೃಶ್ಯವನ್ನು ಆಟಗಳು ಇಷ್ಟಪಡುತ್ತವೆ. ಹಿತ್ತಾಳೆಯ ತೋಟಾದೊಳಗಿನ ಮದ್ದು ಬಹುತೇಕ ಸಂದರ್ಭಗಳಲ್ಲಿ ಮೊದಲು ಉರಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಸ್ಫೋಟಕ ಶೆಲ್‌ಗಳು ಸಿಡಿಯುವುದು ಅನಂತರ. ಆದ್ದರಿಂದ ಬೆಂಕಿಗೆ ಒಂದು ತೀವ್ರತೆಯನ್ನು ಕೊಟ್ಟು, ಅದು ಕ್ಷಣಕ್ಷಣಕ್ಕೂ ಬೆಳೆಯುವಂತೆ ಮಾಡಿದ್ದೇನೆ. ಹೊರಗೆ ಮೊದಲು ಕಾಣುವುದು ಮುಚ್ಚಳಗಳಿಂದ ಬರುವ ಹೊಗೆ, ಬಳಿಕ ಜ್ವಾಲೆ. ಆ ಕೆಲವೇ ಕ್ಷಣಗಳಲ್ಲಿ ಒಳಗಿನ ಐವರು ಹೊರಬರಬೇಕು.

ಐವರು

ಹೊರಬರುವ ಕೆಲಸವನ್ನು ಮುಚ್ಚಳಗಳ ಪ್ರಕಾರವೇ ಲೆಕ್ಕ ಹಾಕಿದೆ. ಮೊದಲ ಶರ್ಮನ್‌ಗಳ ಟರೆಟ್ಟಿನಲ್ಲಿ ಕಮಾಂಡರ್, ಗನ್ನರ್, ಲೋಡರ್ ಮೂವರಿಗೂ ಒಂದೇ ಮುಚ್ಚಳ. ಲೋಡರ್ ತೋಪಿನ ಹಿಂಭಾಗವನ್ನು ಬಳಸಿಕೊಂಡು ಬಂದು ಕೊನೆಯವನಾಗಿ ಏರಬೇಕಾಗಿತ್ತು. ಅನಂತರ ಲೋಡರ್‌ಗೆ ಬೇರೆಯೇ ಮುಚ್ಚಳ ಬಂದಿತು. ಒಡಲಿನ ಮುಂಭಾಗವನ್ನು 47 ಡಿಗ್ರಿಗೆ ಬದಲಾಯಿಸಿದಾಗ ಚಾಲಕ ಮತ್ತು ಸಹಚಾಲಕರ ಕಿರಿದಾದ ಮುಚ್ಚಳಗಳೂ ದೊಡ್ಡದಾದವು. ಪ್ರತಿಯೊಬ್ಬನಿಗೂ ತನ್ನ ಮುಚ್ಚಳದವರೆಗಿನ ದಾರಿ, ಅದನ್ನು ದಾಟಲು ಬೇಕಾದ ಹೊತ್ತು, ಮುಂದಿರುವವನು ದಾಟುವವರೆಗಿನ ಕಾಯುವಿಕೆ ಇವಿಷ್ಟನ್ನು ಕೊಟ್ಟರೆ ಸಾಕಾಗುತ್ತದೆ. ಗಾಯಗೊಂಡವನಿಗೆ ಹೊತ್ತು ಹೆಚ್ಚು ಬೇಕು, ಮತ್ತು ದಾರಿಯಲ್ಲಿ ಒಬ್ಬ ಬಿದ್ದಿದ್ದರೆ ಹಿಂದಿನವನು ಸಿಕ್ಕಿಹಾಕಿಕೊಳ್ಳುತ್ತಾನೆ. ಈ ಭಾಗವನ್ನು ಕಟ್ಟುವಾಗ ನನ್ನ ಮಟ್ಟಿಗೆ ಒಂದು ನಿಯಮವನ್ನು ಇಟ್ಟುಕೊಂಡಿದ್ದೇನೆ: ಒಳಗಿನವರ ಸಾವನ್ನು ಆಟವು ಚಿತ್ರವಾಗಿ ತೋರಿಸುವುದಿಲ್ಲ, ಅದಕ್ಕೆ ಅಂಕ ಕೊಡುವುದೂ ಇಲ್ಲ. ಎದುರಾಳಿ ಟ್ಯಾಂಕಿನಿಂದ ಸಿಬ್ಬಂದಿ ಹೊರಬಂದರೆ ಅದು ಪೂರ್ಣ ಗೆಲುವು.

ಹೊಡೆದವನಿಗೆ ಏನು ಕಾಣಬೇಕು ಎಂಬ ಪ್ರಶ್ನೆಯೂ ಇಲ್ಲಿಗೆ ಸೇರಿದ್ದು. ಒಳಗಿನ ಹಾನಿಯ ಯಾವ ಸೂಚನೆಯೂ ಅವನಿಗೆ ಸಿಗುವುದಿಲ್ಲ. ತಗುಲಿದ ಕಿಡಿ, ಹೊಗೆ, ಚಲನೆ ನಿಂತದ್ದು, ಟರೆಟ್ ತಿರುಗದಿರುವುದು, ಜನ ಹೊರಗೆ ಹಾರಿದ್ದು ಮಾತ್ರ ಕಾಣುತ್ತವೆ. ಯುದ್ಧದಲ್ಲಿ ಗನ್ನರ್‌ಗಳು ಎದುರಾಳಿ ಟ್ಯಾಂಕ್ ಉರಿಯುವವರೆಗೂ ಹೊಡೆಯುತ್ತಲೇ ಇರುತ್ತಿದ್ದರು, ಏಕೆಂದರೆ ಅದು ಸತ್ತಿದೆಯೋ ಸುಮ್ಮನಿದೆಯೋ ತಿಳಿಯಲು ಬೇರೆ ದಾರಿ ಇರಲಿಲ್ಲ. ಆಟವನ್ನು ಪರೀಕ್ಷಿಸಿದ ಗೆಳೆಯರಿಗೆ ನಾನು ಇದನ್ನು ಹೇಳಿರಲಿಲ್ಲ, ಆದರೂ ಅವರು ಹಾಗೆಯೇ ಆಡತೊಡಗಿದರು.

ಯಂತ್ರಗಳ ಅವಲಂಬನೆ

ಎಂಜಿನ್, ಗೇರ್ ಪೆಟ್ಟಿಗೆ, ಟರೆಟ್ ತಿರುಗಿಸುವ ವ್ಯವಸ್ಥೆ, ದೂರದರ್ಶಕ, ಚೈನು ಇವುಗಳಿಗೆ ಸರಿಯಿದೆ, ಕೆಟ್ಟಿದೆ, ನಾಶವಾಗಿದೆ ಎಂಬ ಮೂರು ಸ್ಥಿತಿಗಳು ಸಾಕು. ಇಲ್ಲಿ ಗಮನಿಸಬೇಕಾದದ್ದು ಒಂದು ಇನ್ನೊಂದನ್ನು ಹೇಗೆ ನೆಚ್ಚಿಕೊಂಡಿದೆ ಎಂಬುದು. ಪ್ಯಾಂಥರ್‌ನ ಟರೆಟ್ ಎಂಜಿನ್ನಿನಿಂದ ಶಕ್ತಿ ಪಡೆಯುವ ಹೈಡ್ರಾಲಿಕ್ ವ್ಯವಸ್ಥೆಯಿಂದ ತಿರುಗುತ್ತದೆ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತದೋ ಟರೆಟ್ಟೂ ಅಷ್ಟು ವೇಗ. ಎಂಜಿನ್ ಸತ್ತರೆ ಗನ್ನರ್ ಕೈಚಕ್ರವನ್ನು ತಿರುಗಿಸಬೇಕು. ಶರ್ಮನ್ನಿನ ಟರೆಟ್‌ಗೆ ವಿದ್ಯುತ್ ಮೋಟಾರಿನ ಬಲವಿರುವುದರಿಂದ ಎಂಜಿನ್ ನಿಂತರೂ ಬ್ಯಾಟರಿ ಇರುವಷ್ಟು ಕಾಲ ತಿರುಗುತ್ತದೆ. ಶರ್ಮನ್ನಿನ ಎಂಜಿನ್ ಹಿಂದಿದ್ದು ಗೇರ್ ಪೆಟ್ಟಿಗೆ ಮುಂದಿದೆ. ಮುಂಭಾಗದ ಕೆಳಗೆ ತಗುಲಿದ ಗುಂಡು ಟ್ಯಾಂಕನ್ನು ನಿಲ್ಲಿಸುತ್ತದೆ, ಆದರೆ ಆ ದಪ್ಪ ಯಂತ್ರಭಾಗವೇ ಗುಂಡಿನ ಶಕ್ತಿಯನ್ನು ಹೀರಿ ಹಿಂದಿರುವವರನ್ನು ಕೆಲವೊಮ್ಮೆ ಕಾಪಾಡುತ್ತದೆ. ಹಾಗಾಗಿ ಒಳಗಿನ ಪ್ರತಿ ಯಂತ್ರಕ್ಕೂ ಕವಚದಂತೆಯೇ ಒಂದು ಸಮಾನ ದಪ್ಪವನ್ನು ಕೊಟ್ಟಿದ್ದೇನೆ.

ಹಲವರು ಒಟ್ಟಿಗೆ ಆಡುವಾಗ ಈ ಇಡೀ ಲೆಕ್ಕ ಸರ್ವರ್‌ನಲ್ಲಿ ಮಾತ್ರ ನಡೆಯುತ್ತದೆ. ಪ್ರತಿ ಗುಂಡಿಗೂ ಯಾದೃಚ್ಛಿಕ ಅಂಕಿಗಳ ಒಂದು ಬೀಜಸಂಖ್ಯೆ (ಅದೇ ಅಂಕಿಗಳನ್ನು ಮತ್ತೆ ಹುಟ್ಟಿಸಬಲ್ಲ ಸಂಖ್ಯೆ) ಇರುವುದರಿಂದ, ಆ ಸಂಖ್ಯೆಯನ್ನೂ ತಗುಲಿದ ಕ್ಷಣದ ಸ್ಥಾನಗಳನ್ನೂ ಉಳಿಸಿಟ್ಟರೆ ಯಾವುದೇ ಹೊಡೆತವನ್ನು ಆಟ ಮುಗಿದ ಮೇಲೆ ಮತ್ತೆ ನಡೆಸಿ, ಚೂರು ಚೂರಿನ ದಾರಿಯನ್ನೂ ನೋಡಬಹುದು. ದೋಷ ಹುಡುಕಲೆಂದು ಬರೆದ ಈ ಸೌಲಭ್ಯವನ್ನು ಆಟಗಾರರಿಗೂ ತೆರೆದಿಟ್ಟಿದ್ದೇನೆ. ತಾನೇಕೆ ಸೋತೆ ಎಂಬುದು ತಿಳಿಯದ ಆಟಗಾರನಿಗೆ ಅದು ಉತ್ತರ ಕೊಡುತ್ತದೆ.

ಈಗ ಉಳಿದಿರುವ ದೊಡ್ಡ ಕೆಲಸ ಪ್ಯಾಂಥರ್‌ನ ಪಕ್ಕದ ತೆಳು ತಗಡುಗಳದ್ದು. 1943ರಲ್ಲಿ ಸೋವಿಯತ್ ಸೈನಿಕರ 14.5 ಮಿ.ಮೀ. ಟ್ಯಾಂಕ್ ನಿರೋಧಕ ರೈಫಲ್‌ಗಳನ್ನು ಎದುರಿಸಲು ಹಾಕಿದ ಈ 5 ಮಿ.ಮೀ. ತಗಡುಗಳು ದೊಡ್ಡ ತೋಪಿನ ಗುಂಡನ್ನು ತಡೆಯಲಾರವು, ಆದರೆ ಬಜೂಕದ ರಾಕೆಟ್ಟನ್ನು ಕವಚಕ್ಕಿಂತ ಮುಂಚೆಯೇ ಸಿಡಿಸುತ್ತವೆ. ಸಿಡಿದ ಜಾಗಕ್ಕೂ ಕವಚಕ್ಕೂ ಇರುವ ಅಂತರ ಹೆಚ್ಚಾದಂತೆ ತಾಮ್ರದ ಧಾರೆ ಚದುರಿ ದುರ್ಬಲವಾಗಬೇಕು, ತಗಡು ಕಳಚಿಬಿದ್ದ ಜಾಗದಲ್ಲಿ ಪೂರ್ಣ ಶಕ್ತಿ ಮರಳಬೇಕು. ಅಂತರವನ್ನು ಕಿರಣದ ಪಟ್ಟಿ ಈಗಾಗಲೇ ಕೊಡುತ್ತಿದೆ. ಧಾರೆ ಎಷ್ಟು ದೂರದಲ್ಲಿ ಎಷ್ಟು ಕುಗ್ಗಬೇಕು ಎಂಬ ವಕ್ರರೇಖೆಯನ್ನು ಹೊಂದಿಸುವ ಪರೀಕ್ಷೆಗಳು ನಡೆಯುತ್ತಿವೆ.